ಹಳೆಯ ಮಾದರಿ ವಿಮಾನ: ಅದರ ತೂಕ, ಅದರ ಶಕ್ತಿ

ಕಳೆದ ಬೇಸಗೆಯ ಒಂದು ಸಂಜೆ ನಮ್ಮ ನೆರೆಯವರಾದ ನಿವೃತ್ತ ಅಧ್ಯಾಪಕರೊಬ್ಬರು ಉದ್ದನೆಯದೊಂದು ರಟ್ಟಿನ ಪೆಟ್ಟಿಗೆಯನ್ನು ಮೊಮ್ಮಗನಿಂದ ಹೊರಿಸಿಕೊಂಡು ನಮ್ಮ ಮನೆಗೆ ಬಂದರು. ಪೆಟ್ಟಿಗೆಯೊಳಗೆ ಹಳೆಯ ಪಂಚೆಯಲ್ಲಿ ಸುತ್ತಿದ್ದ ಮಾದರಿ ವಿಮಾನವೊಂದಿದ್ದಿತು. ಅದರ ರೆಕ್ಕೆ ತುದಿಯಿಂದ ತುದಿಗೆ ೧೫೦ ಸೆಂಟಿಮೀಟರು ಉದ್ದ, ೨೮ ಸೆಂಟಿಮೀಟರು ಅಗಲ. ರೆಕ್ಕೆ ಒಡಲಿನ ಮೇಲೆ ಕುಳಿತಿರುವ, ಕಲಿಯುವವರಿಗೆ ಒಪ್ಪುವ ಮಾದರಿ ಅದು. ಮೇಷ್ಟರು ಕಾಲೇಜಿನಲ್ಲಿ ಎನ್.ಸಿ.ಸಿ. ವಾಯುದಳದ ಕೆಡೆಟ್ ಆಗಿದ್ದಾಗ, ೧೯೭೯ರಲ್ಲಿ, ಗೆಳೆಯರೊಬ್ಬರೊಡನೆ ಸೇರಿ ಅದನ್ನು ಕಟ್ಟಿದ್ದರು.

"ಇದು ಮತ್ತೆ ಹಾರೀತೆ?" ಎಂಬುದು ಮೊಮ್ಮಗನ ಪ್ರಶ್ನೆಯಾಗಿದ್ದಿತು. ಅಜ್ಜನ ಪ್ರಶ್ನೆ ಬೇರೆ. "ಇದು ಅಂದು ಏಕೆ ಬಿದ್ದಿತು ಎಂಬುದನ್ನು ತಿಳಿಯಬೇಕಾಗಿದೆ" ಎಂದರು.

ಸಂಗತಿ ಇಷ್ಟು. ೧೯೮೧ರಲ್ಲಿ ಬಸ್ಸಿನಲ್ಲಿ ಕೊಂಡೊಯ್ಯುವಾಗ ವಿಮಾನದ ಬಾಲ ಮುರಿಯಿತು. ದಕ್ಷಿಣ ಅಮೆರಿಕದ ಹಗುರವಾದ ಬಾಲ್ಸಾ ಮರ ಊರಿನಲ್ಲಿ ದೊರೆಯಲಿಲ್ಲ. ಆದುದರಿಂದ ತೆಳುವಾದ ಪ್ಲೈವುಡ್ಡಿನಿಂದ ಹೊಸ ಬಾಲವನ್ನು ಕೊಯ್ದು, ಅಂಟಿಸಿ, ಬಣ್ಣ ಬಳಿದರು. ಮುಂದಿನ ಭಾನುವಾರ ಪ್ರೇಷಕವನ್ನು ಹಿಡಿದು ಹಾರಿಸಿದವರು ಗೆಳೆಯರು. ವಿಮಾನ ಚೆನ್ನಾಗಿಯೇ ಮೇಲೇರಿತು. ಎಂಟೊಂಬತ್ತು ನಿಮಿಷ ಸುತ್ತು ಹೊಡೆಯಿತು. ಆಮೇಲೆ ತಾನಾಗಿಯೇ ಮೂಗನ್ನೆತ್ತಿ, ಗಾಳಿಯಲ್ಲಿ ಒಂದು ಕ್ಷಣ ನಿಂತು, ಒಂದು ರೆಕ್ಕೆಯ ಮೇಲೆ ವಾಲಿ, ತಿರುಗುತ್ತ ಬಂದು ಕೊಯ್ದ ರಾಗಿಯ ಹೊಲಕ್ಕೆ ಬಿದ್ದಿತು. ಮೇಷ್ಟರು ಗೆಳೆಯರ ಮೇಲೆ ರೇಗಿ, ಆಡಬಾರದ ಮಾತುಗಳನ್ನು ಆಡಿದರು. ಗೆಳೆಯರು ಆ ದಿನದಿಂದ ಪ್ರೇಷಕವನ್ನು ಮುಟ್ಟಲಿಲ್ಲ. ಮುರಿದ ರೆಕ್ಕೆಯನ್ನು ಮೇಷ್ಟರು ಅದೇ ವರ್ಷ ಸರಿಪಡಿಸಿದರಾದರೂ ವಿಮಾನ ಅಟ್ಟವನ್ನು ಸೇರಿತು. ಎಂಜಿನ್ನು, ತೊಟ್ಟಿ, ರೇಡಿಯೋ ಎಲ್ಲವೂ ಇದ್ದಲ್ಲಿಯೇ ಉಳಿದುವು.

ಹಾರಿಸುವ ಕೈ ತಪ್ಪಿತೆ, ರೇಡಿಯೋ ಕೆಟ್ಟಿತೆ, ಅಥವಾ ಬೇರೆ ಕಾರಣವುಂಟೆ? ನಲವತ್ತು ವರ್ಷಗಳ ಮೇಲೆ ಇದನ್ನು ಕಂಡುಹಿಡಿಯುವುದು ಸಾಧ್ಯವೆ? ಸಾಧ್ಯ. ಅದಕ್ಕೆ ಬೇಕಾದುವು ಒಂದು ತಕ್ಕಡಿ, ಒಂದು ಅಡಿಕೋಲು ಮತ್ತು ಪ್ರೌಢಶಾಲೆಯ ಗಣಿತ.

ಗುರುತ್ವ ಕೇಂದ್ರ

ಎತ್ತಿನ ಗಾಡಿಗೆ ಹೇರು ಹೇರುವವರನ್ನು ನೋಡಿದವರಿಗೆ ಸಮತೋಲದ ವಿಷಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹಿಂಭಾಗಕ್ಕೆ ಭಾರ ಹೆಚ್ಚಿದರೆ ಗಾಡಿಯ ಮೂಕಿ ಮೇಲೇಳುವುದು. ಮುಂಭಾಗಕ್ಕೆ ಹೆಚ್ಚಿದರೆ ನೊಗ ಎತ್ತುಗಳ ಹೆಗಲನ್ನು ಅಮುಕುವುದು. ಅನುಭವಿಯಾದ ರೈತನು ಮೂಟೆಗಳನ್ನು ಅಚ್ಚಿನ ಸುತ್ತ ಜೋಡಿಸಿ, ನೊಗದ ಮೇಲೆ ತುಸುವೇ ಭಾರ ಬೀಳುವಂತೆ ಮಾಡುವನು. ವಿಮಾನಕ್ಕೆ ಅಚ್ಚೂ ಇಲ್ಲ, ನೊಗವೂ ಇಲ್ಲ. ಆದರೆ ಅದರ ತೂಕವೆಲ್ಲವೂ ಒಂದೇ ಬಿಂದುವಿನಲ್ಲಿ ಸೇರಿರುವಂತೆ ವರ್ತಿಸುವುದು. ಆ ಬಿಂದುವೇ ಗುರುತ್ವ ಕೇಂದ್ರ.

ಮಾದರಿ ವಿಮಾನದಲ್ಲಿ ಇದನ್ನು ಕಂಡುಹಿಡಿಯುವುದು ಸುಲಭ. ರೆಕ್ಕೆಯ ಕೆಳಗೆ ಒಡಲಿನ ಎರಡು ಪಕ್ಕಗಳಲ್ಲಿ ತೋರುಬೆರಳುಗಳನ್ನಿಟ್ಟು ವಿಮಾನವನ್ನು ಎತ್ತಬೇಕು. ಮೂಗು ಕೆಳಗಾದರೆ ಬೆರಳುಗಳನ್ನು ಮುಂದಕ್ಕೂ, ಬಾಲ ಕೆಳಗಾದರೆ ಹಿಂದಕ್ಕೂ ಸರಿಸಬೇಕು. ವಿಮಾನ ಮಟ್ಟಸವಾಗಿ ನಿಂತ ಸ್ಥಳವನ್ನು ಗುರುತುಮಾಡಿ, ರೆಕ್ಕೆಯ ಮುಂದಂಚಿನಿಂದ ಅದು ಎಷ್ಟು ಹಿಂದೆ ಇದೆಯೆಂದು ಅಳೆಯಬೇಕು. ಹೆಚ್ಚಿನ ಖಚಿತತೆ ಬೇಕಾದರೆ, ಹಲಗೆಯೊಂದರ ಮೇಲೆ ಎರಡು ಪೆನ್ಸಿಲುಗಳನ್ನು ರಬ್ಬರಿನ ತುದಿ ಮೇಲಾಗುವಂತೆ ನೆಟ್ಟು, ಬೆರಳುಗಳಿಗೆ ಬದಲಾಗಿ ಬಳಸಬಹುದು.

ಇಂಥ ವಿಮಾನಗಳಲ್ಲಿ ಗುರುತ್ವ ಕೇಂದ್ರ ರೆಕ್ಕೆಯ ಅಗಲದ ನೂರಕ್ಕೆ ೨೫ರಿಂದ ೩೩ರ ಒಳಗೆ ಇರಬೇಕೆಂಬುದು ಬಹುಕಾಲದ ಅನುಭವ. ಎಂದರೆ ೨೮ ಸೆಂ.ಮೀ. ಅಗಲದ ನಮ್ಮ ರೆಕ್ಕೆಯಲ್ಲಿ ಮುಂದಂಚಿನಿಂದ ೭.೦ರಿಂದ ೯.೨ ಸೆಂ.ಮೀ. ದೂರದೊಳಗೆ. ಪೆಟ್ಟಿಗೆಯಿಂದ ಹೊರತೆಗೆದ ವಿಮಾನವನ್ನು ನಾವು ಇದ್ದಂತೆಯೇ ತೂಗಿದೆವು. ತೊಟ್ಟಿ ಬರಿದಾಗಿರುವಾಗ ಅದರ ತೂಕ ೨,೨೪೦ ಗ್ರಾಂ. ಪೆನ್ಸಿಲುಗಳ ಮೇಲೆ ಇಟ್ಟಾಗ ಅದು ಮಟ್ಟಸವಾಗಿ ನಿಂತುದು ೮ ಅಥವಾ ೯ ಸೆಂ.ಮೀ.ನಲ್ಲಿ ಅಲ್ಲ, ೧೨.೨ ಸೆಂ.ಮೀ.ನಲ್ಲಿ. ಅಗಲದ ನೂರಕ್ಕೆ ಸುಮಾರು ೪೪ ಪಾಲು ಹಿಂದೆ! ಮೇಷ್ಟರು ಅಡಿಕೋಲನ್ನು ತಮ್ಮ ಕೈಗೆ ತೆಗೆದುಕೊಂಡು ಎರಡು ಸಲ ತಾವೇ ಅಳೆದರು.

ತಟಸ್ಥ ಬಿಂದು

ಕೇಂದ್ರ ಹಿಂದೆ ಸರಿದರೆ ಏನು ಕೇಡು? ಇದನ್ನು ತಿಳಿಯಲು ಇನ್ನೊಂದು ಬಿಂದುವಿನ ಪರಿಚಯ ಬೇಕು. ಹಾರುತ್ತಿರುವ ವಿಮಾನಕ್ಕೆ ಕೆಳಗಿನಿಂದ ಒಂದು ಗಾಳಿಯ ಹೊಡೆತ ತಗುಲಿ ಮೂಗು ತುಸು ಮೇಲೆದ್ದಿತೆನ್ನೋಣ. ಆಗ ರೆಕ್ಕೆಯಲ್ಲಿಯೂ ಬಾಲದಲ್ಲಿಯೂ ಎತ್ತುವ ಬಲ ಹೆಚ್ಚುವುದು. ಹೀಗೆ ಹೆಚ್ಚಾದ ಬಲಗಳನ್ನು ಕೂಡಿಸಿದರೆ, ಅವೆಲ್ಲವೂ ಒಂದು ಬಿಂದುವಿನಲ್ಲಿ ನಾಟಿದಂತಾಗುವುವು. ಅದನ್ನು ತಟಸ್ಥ ಬಿಂದು ಎನ್ನುವರು.

ಗುರುತ್ವ ಕೇಂದ್ರ ಈ ಬಿಂದುವಿಗಿಂತ ಮುಂದೆ ಇದ್ದರೆ, ಹೆಚ್ಚಾದ ಬಲ ಕೇಂದ್ರದ ಹಿಂಬದಿಯನ್ನು ಎತ್ತಿ ಮೂಗನ್ನು ಮತ್ತೆ ಕೆಳಕ್ಕೆ ತರುವುದು. ಬೋಗುಣಿಯ ತಳದಲ್ಲಿರುವ ಗೋಲಿ ಯಾವ ಕಡೆಗೆ ಸರಿದರೂ ತಳಕ್ಕೇ ಮರಳುವಂತೆ, ವಿಮಾನ ತನ್ನ ಹಾದಿಗೆ ತಾನೇ ಮರಳುವುದು. ಕೇಂದ್ರ ತಟಸ್ಥ ಬಿಂದುವಿಗಿಂತ ಹಿಂದೆ ಇದ್ದರೆ, ಅದೇ ಬಲ ಮೂಗನ್ನು ಇನ್ನೂ ಮೇಲಕ್ಕೆ ಎತ್ತುವುದು. ಎತ್ತಿದಷ್ಟೂ ಬಲ ಹೆಚ್ಚುವುದು, ಬಲ ಹೆಚ್ಚಿದಷ್ಟೂ ಮೂಗು ಏಳುವುದು. ಮಗುಚಿದ ಬೋಗುಣಿಯ ನೆತ್ತಿಯಲ್ಲಿಟ್ಟ ಗೋಲಿಯ ಗತಿ ಇದು. ಕೊನೆಗೆ ರೆಕ್ಕೆ ಗಾಳಿಯ ಹಿಡಿತವನ್ನು ಕಳೆದುಕೊಂಡು ವಿಮಾನ ಬೀಳುವುದು.

ಹಾಗಾದರೆ ಕೇಂದ್ರವನ್ನು ಬಹಳ ಮುಂದಕ್ಕೆ ತಂದರೆ ಕ್ಷೇಮವಲ್ಲವೆ? ಅದೂ ಒಳ್ಳೆಯದಲ್ಲ. ಮೂಗಿನ ಭಾರವನ್ನು ಸರಿದೂಗಿಸಲು ಬಾಲವು ಎಡೆಬಿಡದೆ ಕೆಳಕ್ಕೆ ಒತ್ತುತ್ತಿರಬೇಕಾಗುವುದು. ನಿಧಾನವಾಗಿ ಇಳಿಯುವಾಗ ಮೂಗನ್ನು ಎತ್ತುವಷ್ಟು ಬಲ ಬಾಲಕ್ಕೆ ಸಾಲದೆಹೋಗುವುದು. ಆದರೂ ಎರಡು ಕೇಡುಗಳಲ್ಲಿ ಇದು ಸಣ್ಣದು. ಮೂಗು ಭಾರವಾದ ವಿಮಾನ ಒರಟಾಗಿಯಾದರೂ ಹಾರೀತು. ಬಾಲ ಭಾರವಾದುದು ಹಾರುವುದು ಒಂದೇ ಸಲ.

ವಾಚಕರು ಇದನ್ನು ಕಾಗದದ ವಿಮಾನದಲ್ಲಿ ಪರೀಕ್ಷಿಸಬಹುದು. ಮೂಗಿಗೆ ಒಂದು ಕಾಗದದ ಕ್ಲಿಪ್ಪನ್ನು ಸಿಕ್ಕಿಸಿ ಎಸೆದು ನೋಡಿ. ಅನಂತರ ಅದನ್ನೇ ಹಿಂದಕ್ಕೆ ಸರಿಸುತ್ತ ಎಸೆಯಿರಿ. ನೇರವಾಗಿ ತೇಲುತ್ತಿದ್ದ ವಿಮಾನ ಒಂದು ಹಂತವನ್ನು ದಾಟಿದೊಡನೆ ಮೂಗೆತ್ತಿ ಉರುಳುವುದನ್ನು ಕಾಣುವಿರಿ.

ಅಂದು ನಡೆದುದೇನು?

ಬಾಲದ ವಿಸ್ತಾರವನ್ನೂ, ರೆಕ್ಕೆಯಿಂದ ಅದರ ದೂರವನ್ನೂ ಅಳೆದು ಲೆಕ್ಕ ಹಾಕಿದಾಗ ಈ ವಿಮಾನದ ತಟಸ್ಥ ಬಿಂದು ಮುಂದಂಚಿನಿಂದ ೧೧.೮ ಸೆಂ.ಮೀ.ನ ಆಸುಪಾಸಿನಲ್ಲಿರುವುದೆಂಬ ಅಂದಾಜು ದೊರೆಯಿತು. ಗುರುತ್ವ ಕೇಂದ್ರವಿದ್ದುದು ೧೨.೨ ಸೆಂ.ಮೀ.ನಲ್ಲಿ. ಹಾಗಿದ್ದರೆ ವಿಮಾನ ನೆಲ ಬಿಟ್ಟೊಡನೆಯೇ ಉರುಳಬೇಕಾಗಿದ್ದಿತಲ್ಲವೆ? ಎಂಟೊಂಬತ್ತು ನಿಮಿಷ ಹೇಗೆ ಹಾರಿತು?

"ಅಜ್ಜ, ಆಗ ತೊಟ್ಟಿ ತುಂಬಿದ್ದಿತಲ್ಲವೆ?" ಎಂದು ಕೇಳಿದವನು ಮೊಮ್ಮಗ. ಉತ್ತರ ಇದ್ದುದು ಅಲ್ಲಿಯೇ.

ತೊಟ್ಟಿ ರೆಕ್ಕೆಯ ಮುಂದಂಚಿಗಿಂತ ೭.೫ ಸೆಂ.ಮೀ. ಮುಂದೆ ಇದ್ದಿತು. ಅದರಲ್ಲಿ ಸುಮಾರು ೨೦೦ ಗ್ರಾಂ ಇಂಧನ ಹಿಡಿಯುವುದು. ತೂಕವನ್ನು ದೂರದಿಂದ ಗುಣಿಸಿದರೆ ಬರುವುದೇ ಅದರ ತಿರುಗಿಸುವ ಶಕ್ತಿ, ಎಂದರೆ ಭ್ರಾಮಕ. ಮುಂದಂಚಿನಿಂದ ಹಿಂದಕ್ಕೆ ಅಳೆದರೆ ಬರಿದಾದ ವಿಮಾನದ ಭ್ರಾಮಕ ೨,೨೪೦ × ೧೨.೨ = ೨೭,೩೨೮. ಇಂಧನ ಮುಂದಂಚಿಗಿಂತ ಮುಂದೆ ಇರುವುದರಿಂದ ಅದರ ೨೦೦ × ೭.೫ = ೧,೫೦೦ನ್ನು ಕಳೆಯಬೇಕು. ಉಳಿದ ೨೫,೮೨೮ನ್ನು ಒಟ್ಟು ತೂಕವಾದ ೨,೪೪೦ರಿಂದ ಭಾಗಿಸಿದರೆ ೧೦.೬ ಸೆಂ.ಮೀ. ತೊಟ್ಟಿ ತುಂಬಿದಾಗ ಕೇಂದ್ರ ತಟಸ್ಥ ಬಿಂದುವಿಗಿಂತ ಒಂದು ಸೆಂಟಿಮೀಟರಿಗೂ ಮಿಕ್ಕಿ ಮುಂದೆ ಇದ್ದಿತು. ಆದುದರಿಂದಲೇ ವಿಮಾನ ಸರಾಗವಾಗಿ ಮೇಲೇರಿತು. ಇಂಧನ ಉರಿದಂತೆಲ್ಲ ಕೇಂದ್ರ ಹಿಂದೆ ಹಿಂದೆ ಸರಿಯಿತು. ತೊಟ್ಟಿಯಲ್ಲಿ ಕಾಲು ಪಾಲು, ಎಂದರೆ ೫೦ ಗ್ರಾಂ ಉಳಿದಾಗ ಅದು ೧೧.೮ಕ್ಕೆ ಬಂದು ಮುಟ್ಟಿತು. ಅಲ್ಲಿಂದ ಮುಂದೆ ಯಾವ ನಿಪುಣನಿಗೂ ಆ ವಿಮಾನವನ್ನು ಬಹುಕಾಲ ಹಿಡಿದಿಡುವುದು ಸಾಧ್ಯವಿರಲಿಲ್ಲ.

ಇದಕ್ಕೆ ಮೂಲ ಯಾವುದು? ಪ್ಲೈವುಡ್ಡಿನ ಬಾಲವನ್ನು ನಾವು ಬಿಚ್ಚಿ ತೆಗೆದು, ಅದೇ ಅಳತೆಯದನ್ನು ಬಾಲ್ಸಾದಲ್ಲಿ ಮಾಡಿ ಎರಡನ್ನೂ ತೂಗಿದೆವು. ವ್ಯತ್ಯಾಸ ೯೦ ಗ್ರಾಂ. ಪ್ಲೈವುಡ್ಡು ಬಾಲ್ಸಾಕ್ಕಿಂತ ಸುಮಾರು ನಾಲ್ಕು ಪಟ್ಟು ಭಾರವಾದ ವಸ್ತು. ತೊಂಬತ್ತು ಗ್ರಾಂ ಎಂಬುದು ಒಂದು ಬಾಳೆಹಣ್ಣಿನ ತೂಕ. ಎರಡು ಕಿಲೋ ತೂಗುವ ವಿಮಾನದಲ್ಲಿ ಅದು ಎಷ್ಟರದು ಎಂದು ತೋರಬಹುದು. ಆದರೆ ಬಾಲ ಮುಂದಂಚಿನಿಂದ ೮೦ ಸೆಂ.ಮೀ. ಹಿಂದೆ ಇದೆ. ಅದರ ಭ್ರಾಮಕ ೭,೨೦೦. ಅದನ್ನು ಕಳೆದು ಲೆಕ್ಕ ಹಾಕಿದರೆ, ಹಳೆಯ ಬಾಲವಿದ್ದಾಗ ಕೇಂದ್ರ ತೊಟ್ಟಿ ತುಂಬಿದಾಗ ೭.೯ರಲ್ಲಿಯೂ, ಬರಿದಾದಾಗ ೯.೪ರಲ್ಲಿಯೂ ಇದ್ದಿತೆಂದು ತಿಳಿಯುವುದು. ಹಾರಾಟದ ಆದಿಯಿಂದ ಅಂತ್ಯದವರೆಗೂ ವಿಮಾನ ಕ್ಷೇಮವಾಗಿದ್ದಿತು. ಎರಡು ವರ್ಷ ಅದು ಕೇಡಿಲ್ಲದೆ ಹಾರಿದುದಕ್ಕೂ, ದುರಸ್ತಿಯಾದ ವಾರದಲ್ಲೇ ಬಿದ್ದುದಕ್ಕೂ ಕಾರಣ ಇದೇ. ಮುರಿದು ಕೂಡಿಸಿದ ರೆಕ್ಕೆ ಕೇಂದ್ರದ ಬಳಿಯಲ್ಲಿಯೇ ಇರುವುದರಿಂದ, ಅದಕ್ಕೆ ಹಾಕಿದ ಅಂಟು ಈ ಲೆಕ್ಕವನ್ನು ಹೆಚ್ಚಾಗಿ ಕೆಡಿಸದು.

ಮೇಷ್ಟರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ ಆ ಲೆಕ್ಕವನ್ನು ಒಂದು ಹಾಳೆಯಲ್ಲಿ ಕ್ರಮವಾಗಿ ಬರೆದುಕೊಡುವಂತೆ ಕೇಳಿದರು. ಬಾಲವನ್ನು ಕೊಯ್ದವರು ತಾವೇ ಎಂಬ ಒಂದು ಸಾಲನ್ನು ಕೆಳಗೆ ತಮ್ಮ ಕೈಯಿಂದ ಸೇರಿಸಿ, ಲಕೋಟೆಗೆ ಹಾಕಿ, ಗೆಳೆಯರ ವಿಳಾಸ ಬರೆದರು.

ಎಣ್ಣೆಯಿಂದ ವಿದ್ಯುತ್ತಿಗೆ

ಇನ್ನು ಮೊಮ್ಮಗನ ಪ್ರಶ್ನೆ. ಹಳೆಯ ಎಂಜಿನ್ನು ೬.೫ ಘನ ಸೆಂಟಿಮೀಟರಿನದು. ಇದಕ್ಕೆ ಬೇಕಾದ ಇಂಧನ ಮೀಥೈಲ್ ಆಲ್ಕೊಹಾಲ್, ಹರಳೆಣ್ಣೆ ಮತ್ತು ತುಸು ನೈಟ್ರೋಮೀಥೇನ್‌ಗಳ ಮಿಶ್ರಣ. ಕಿಡಿ ಹಾರಿಸುವ ಪ್ಲಗ್ಗಿಗೆ ಬದಲಾಗಿ ಇದರಲ್ಲಿ ಪ್ಲಾಟಿನಮ್ ಬೆರೆತ ಲೋಹದ ಸಣ್ಣ ಸುರುಳಿಯಿದೆ. ಮೊದಲು ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸಿದರೆ, ಆಮೇಲೆ ದಹನದ ಉಷ್ಣದಿಂದಲೂ, ಪ್ಲಾಟಿನಮ್ ಮೇಲ್ಮೈಯಲ್ಲಿ ಆಲ್ಕೊಹಾಲಿನ ರಾಸಾಯನಿಕ ಕ್ರಿಯೆಯಿಂದಲೂ ಅದು ತಾನೇ ಕೆಂಪಗೆ ಉಳಿಯುವುದು. ಅಮೆರಿಕದ ರೇ ಆರ್ಡೆನ್ ಎಂಬವರು ೧೯೪೭ರಲ್ಲಿ ಈ ಪ್ಲಗ್ಗನ್ನು ಮಾರುಕಟ್ಟೆಗೆ ತಂದ ಮೇಲೆ ಮಾದರಿ ವಿಮಾನಗಳು ಹಗುರವಾದುವು.

ನಮ್ಮ ಎಂಜಿನ್ನಿನಲ್ಲಿ ಹರಳೆಣ್ಣೆ ಗಟ್ಟಿಯಾಗಿ ಅರಗಿನಂತೆ ಹಿಡಿದುಕೊಂಡಿದ್ದಿತು. ಅದನ್ನು ಬಿಡಿಸಬಹುದಾಗಿದ್ದರೂ ಇಂಧನ ಸುಲಭವಾಗಿ ದೊರೆಯದು. ಅದಕ್ಕಿಂತ ಮುಖ್ಯವಾಗಿ, ಹಾರಾಟದ ನಡುವೆ ತೂಕ ಬದಲಾಗದ ಶಕ್ತಿಮೂಲ ನಮಗೆ ಬೇಕಾಗಿದ್ದಿತು. ಆದುದರಿಂದ ವಿದ್ಯುತ್ ಮೋಟಾರನ್ನು ಆರಿಸಿದೆವು. ವಿದ್ಯುತ್ತಿನಿಂದ ಹಾರುವ ರೇಡಿಯೋ ಮಾದರಿಗಳು ಹೊಸವೇನೂ ಅಲ್ಲ. ಇಂಗ್ಲೆಂಡಿನಲ್ಲಿ ಕರ್ನಲ್ ಟ್ಯಾಪ್ಲಿನ್ ಎಂಬವರು ೧೯೫೭ರ ಜೂನಿನಲ್ಲಿಯೇ 'ರೇಡಿಯೋ ಕ್ವೀನ್' ಎಂಬ ಮಾದರಿಯನ್ನು ಬೆಳ್ಳಿ-ಸತುವಿನ ಬ್ಯಾಟರಿಯಿಂದ ಹಾರಿಸಿದ್ದರು. ಆದರೆ ಲಿಥಿಯಂ ಪಾಲಿಮರ್ ಬ್ಯಾಟರಿಗಳೂ, ಬ್ರಷ್ ಇಲ್ಲದ ಮೋಟಾರುಗಳೂ ಬಳಕೆಗೆ ಬಂದ ಈಚಿನ ದಶಕಗಳಲ್ಲಿ ಮಾತ್ರ ಅದು ಎಲ್ಲರ ಕೈಗೆ ಎಟುಕಿತು.

ಈ ಮೋಟಾರಿನಲ್ಲಿ ತಂತಿಯ ಸುರುಳಿಗಳು ಸ್ಥಿರವಾಗಿರುವುವು. ಅಯಸ್ಕಾಂತಗಳನ್ನು ಹೊತ್ತ ಹೊರಚಿಪ್ಪು ಅವುಗಳ ಸುತ್ತ ತಿರುಗುವುದು. ವೇಗ ನಿಯಂತ್ರಕವೆಂಬ ಸಣ್ಣ ಉಪಕರಣ ಸುರುಳಿಗಳಿಗೆ ಸರದಿಯ ಮೇಲೆ ವಿದ್ಯುತ್ತನ್ನು ಹರಿಸಿ ಅಯಸ್ಕಾಂತಗಳನ್ನು ಮುಂದೆ ಮುಂದೆ ಸೆಳೆಯುವುದು.

ಎಷ್ಟು ಶಕ್ತಿ ಬೇಕು? ಕಲಿಯುವವರ ವಿಮಾನಕ್ಕೆ ಕಿಲೋ ತೂಕವೊಂದಕ್ಕೆ ೨೨೦ ವಾಟ್ ಎಂಬುದು ಹವ್ಯಾಸಿಗಳು ಪಾಲಿಸುವ ಸೂತ್ರ. ೨.೨೪ ಕಿಲೋ ವಿಮಾನಕ್ಕೆ ಸುಮಾರು ೫೦೦ ವಾಟ್ ಆಯಿತು. ನಾಲ್ಕು ಕೋಶಗಳ ಲಿಥಿಯಂ ಬ್ಯಾಟರಿಯ ವೋಲ್ಟೇಜು ೪ × ೩.೭ = ೧೪.೮. ಆದುದರಿಂದ ಹರಿಯಬೇಕಾದ ವಿದ್ಯುತ್ತು ೫೦೦ ÷ ೧೪.೮, ಸುಮಾರು ೩೪ ಆಂಪಿಯರು. ಇದಕ್ಕೆ ೫೦ ಆಂಪಿಯರಿನ ನಿಯಂತ್ರಕವನ್ನು ಆರಿಸಿದರೆ ಅದು ಕಾದು ಕೆಡುವ ಭಯವಿಲ್ಲ. ಬ್ಯಾಟರಿಯ ಧಾರಣಶಕ್ತಿ ೪ ಆಂಪಿಯರ್-ಗಂಟೆ. ಪೂರ್ಣ ವೇಗದಲ್ಲಿ ಏಳು ನಿಮಿಷದಲ್ಲಿ ಬರಿದಾಗುವುದು. ಮಂದ ವೇಗದಲ್ಲಿ, ಐದನೆಯ ಒಂದು ಪಾಲನ್ನು ಉಳಿಸಿಕೊಂಡೂ, ಹತ್ತು ನಿಮಿಷಕ್ಕೆ ಸಾಲುವುದು.

ಮೋಟಾರಿನ ಮೇಲೆ ೮೦೦ ಕೆ.ವಿ. ಎಂದು ಬರೆದಿರುವುದು ಕಿಲೋವೋಲ್ಟ್ ಅಲ್ಲ. ಹೊರೆಯಿಲ್ಲದಾಗ ವೋಲ್ಟ್ ಒಂದಕ್ಕೆ ನಿಮಿಷಕ್ಕೆ ೮೦೦ ಸುತ್ತು ಎಂದರ್ಥ. ೧೨ ಅಂಗುಲ ವ್ಯಾಸದ, ಒಂದು ಸುತ್ತಿಗೆ ೬ ಅಂಗುಲ ಮುನ್ನಡೆಯುವ ಪ್ರೊಪೆಲ್ಲರನ್ನು ಕಟ್ಟಿದಾಗ ಅದು ನಿಮಿಷಕ್ಕೆ ಸುಮಾರು ೯,೦೦೦ ಸುತ್ತಿಗೆ ಇಳಿಯುವುದು. ಸೆಕೆಂಡಿಗೆ ೧೫೦ ಸುತ್ತು; ಎಂದರೆ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೨೩ ಮೀಟರು ಕೊರೆದುಕೊಂಡು ಹೋಗಬಲ್ಲುದು. ಈ ವಿಮಾನ ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ ಸೆಕೆಂಡಿಗೆ ಸುಮಾರು ೯ ಮೀಟರು. ಪ್ರೊಪೆಲ್ಲರಿನ ವೇಗ ಅದರ ಎರಡೂವರೆ ಪಟ್ಟು ಇರುವುದರಿಂದ ಆಯ್ಕೆ ಸರಿಯಾಗಿದೆ. ಬೆಂಗಳೂರು, ಮೈಸೂರುಗಳಂಥ ಎತ್ತರದ ಊರುಗಳಲ್ಲಿ ಗಾಳಿ ಕಡಲತೀರಕ್ಕಿಂತ ನೂರಕ್ಕೆ ಏಳೆಂಟು ಪಾಲು ತೆಳುವಾಗಿರುವುದನ್ನೂ ನಾವು ಈ ಲೆಕ್ಕದಲ್ಲಿ ಸೇರಿಸಿಕೊಂಡಿದ್ದೇವೆ.

ಒಂದು ಮಾತನ್ನು ಮರೆಯಬಾರದು. ತೂಕಕ್ಕೆ ತೂಕ ಹೋಲಿಸಿದರೆ ಮೀಥೈಲ್ ಆಲ್ಕೊಹಾಲಿನಲ್ಲಿರುವ ಶಕ್ತಿ ಲಿಥಿಯಂ ಬ್ಯಾಟರಿಯಲ್ಲಿರುವುದರ ಮೂವತ್ತೈದು ಪಟ್ಟಿಗೂ ಹೆಚ್ಚು. ಪುಟ್ಟ ಎಂಜಿನ್ನು ಅದರಲ್ಲಿ ಬಹುಪಾಲನ್ನು ಉಷ್ಣವಾಗಿ ಚೆಲ್ಲುವುದು. ಮೋಟಾರು ತನಗೆ ಬಂದುದರ ಮುಕ್ಕಾಲು ಪಾಲಿಗೂ ಮಿಕ್ಕಿ ದುಡಿಮೆಗೆ ತಿರುಗಿಸುವುದು. ಹಾಗಿದ್ದರೂ ಬ್ಯಾಟರಿ ಭಾರವಾದ ವಸ್ತುವೇ. ಆದರೆ ಅದರ ಭಾರ ಹಾರಾಟದ ಕೊನೆಯವರೆಗೂ ಒಂದೇ ಆಗಿರುವುದು.

ಹೊಸ ಲೆಕ್ಕ

ಮೂಗಿನ ಮರಕ್ಕೆ ಹಿಡಿದಿದ್ದ ಹರಳೆಣ್ಣೆಯನ್ನು ಪಿಷ್ಟದ ಪುಡಿಯಿಂದ ಹಲವು ಸಲ ಹೀರಿಸಿ, ಸಡಿಲಿದ ಕೂಡುಗಳನ್ನು ಮತ್ತೆ ಅಂಟಿಸಿದೆವು. ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ತಂತಿಗಳನ್ನು ತಿಂದಿದ್ದಿತು, ಅವನ್ನೆಲ್ಲ ತೆಗೆದೆವು. ಹೊಸ ಬಾಲ, ಮೋಟಾರು, ನಿಯಂತ್ರಕ, ಮೂರು ಸರ್ವೊಗಳು ಮತ್ತು ಗ್ರಾಹಕ ಸೇರಿದ ಮೇಲೆ, ಬ್ಯಾಟರಿಯನ್ನು ಬಿಟ್ಟು ತೂಕ ೧,೮೪೦ ಗ್ರಾಂ. ಗುರುತ್ವ ಕೇಂದ್ರ ೧೨.೦ ಸೆಂ.ಮೀ.ನಲ್ಲಿ. ಭಾರವಾದ ಎಂಜಿನ್ನು ಮೂಗಿನಿಂದ ಹೋದುದರಿಂದ ಕೇಂದ್ರ ಹಿಂದೆಯೇ ಉಳಿಯಿತು.

ನಮಗೆ ಬೇಕಾದುದು ಅಗಲದ ನೂರಕ್ಕೆ ೩೦, ಎಂದರೆ ೮.೪ ಸೆಂ.ಮೀ. ಅಂತರ ೩.೬ ಸೆಂ.ಮೀ. ಸರಿದೂಗಿಸಬೇಕಾದ ಭ್ರಾಮಕ ೧,೮೪೦ × ೩.೬ = ೬,೬೨೪. ಬ್ಯಾಟರಿಯ ತೂಕ ೪೦೦ ಗ್ರಾಂ. ೬,೬೨೪ ÷ ೪೦೦ = ೧೬.೬. ಬ್ಯಾಟರಿಯ ನಡುಭಾಗ ೮.೪ರ ಗುರುತಿನಿಂದ ೧೬.೬ ಸೆಂ.ಮೀ. ಮುಂದೆ, ಎಂದರೆ ಮುಂದಂಚಿಗಿಂತ ೮.೨ ಸೆಂ.ಮೀ. ಮುಂದೆ ಇರಬೇಕು. ಅದು ಹಳೆಯ ತೊಟ್ಟಿಯಿದ್ದ ಗೂಡೇ ಆಯಿತು! ಒಂದು ಗ್ರಾಂ ಸೀಸವನ್ನೂ ಸೇರಿಸದೆ ಸಮತೋಲ ದೊರೆಯಿತು. ಸತ್ತ ತೂಕವನ್ನು ಸೇರಿಸುವ ಮೊದಲು ಬೇಕಾದ ತೂಕವನ್ನೇ ಸರಿಸಿ ನೋಡಬೇಕೆಂಬುದು ಇಲ್ಲಿ ಕಲಿಯಬೇಕಾದ ಪಾಠ.

ಎಡಬಲಗಳ ಸಮತೋಲವನ್ನೂ ಪರೀಕ್ಷಿಸಬೇಕು. ಮೂಗಿನ ತುದಿಯನ್ನೂ ಬಾಲದ ತುದಿಯನ್ನೂ ಹಿಡಿದೆತ್ತಿದಾಗ ಬಲರೆಕ್ಕೆ ಕೆಳಗಾಯಿತು. ಅಂಟು ಆ ಕಡೆಗೆ ಹೆಚ್ಚಾಗಿದ್ದಿತು. ಎಡ ತುದಿಯೊಳಗೆ ಒಂದು ನಾಣ್ಯವನ್ನು ಅಂಟಿಸಿದುದರಿಂದ ಅದು ಸರಿಹೋಯಿತು.

ರೇಡಿಯೋ ವಿಷಯದಲ್ಲಿ ಹಳೆಯದನ್ನು ನೆಚ್ಚಲಾಗದು. ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸೋದರರು ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ೧೯೩೭ರಲ್ಲಿ ತಮ್ಮ 'ಗಫ್' ವಿಮಾನವನ್ನು ರೇಡಿಯೋದಿಂದ ಹಾರಿಸಿದಂದಿನಿಂದ ಹಲವು ದಶಕಗಳ ಕಾಲ, ಒಬ್ಬರು ಬಳಸುವ ಆವರ್ತನವನ್ನು ಮತ್ತೊಬ್ಬರು ಬಳಸಿದರೆ ವಿಮಾನ ಬೀಳುತ್ತಿದ್ದಿತು. ಈಗಿನ ೨.೪ ಗಿಗಾಹರ್ಟ್ಸ್ ಪ್ರೇಷಕಗಳಲ್ಲಿ ಪ್ರತಿಯೊಂದು ಗ್ರಾಹಕವೂ ತನ್ನ ಪ್ರೇಷಕದ ಗುರುತನ್ನು ಹಿಡಿದು, ಅದರ ಮಾತನ್ನು ಮಾತ್ರ ಕೇಳುವುದು. ಸಂಪರ್ಕ ತಪ್ಪಿದರೆ ಮೋಟಾರು ನಿಲ್ಲುವಂತೆ ಏರ್ಪಡಿಸಬಹುದು.

ಮೈದಾನದಲ್ಲಿ

ಕೆಲವು ಎಚ್ಚರಿಕೆಗಳು ಅಗತ್ಯ. ಮೇಜಿನ ಮೇಲೆ ಪರೀಕ್ಷಿಸುವಾಗ ಪ್ರೊಪೆಲ್ಲರನ್ನು ಬಿಚ್ಚಿಡಬೇಕು. ವಿದ್ಯುತ್ ಮೋಟಾರು ಮುನ್ಸೂಚನೆ ಕೊಡದೆ ತಿರುಗುವುದು, ಬೆರಳನ್ನು ಕತ್ತರಿಸುವುದು. ಲಿಥಿಯಂ ಬ್ಯಾಟರಿಯನ್ನು ಅದಕ್ಕೆಂದೇ ಮಾಡಿದ ಚಾರ್ಜರಿನಿಂದ, ಕೋಶವೊಂದಕ್ಕೆ ೪.೨ ವೋಲ್ಟನ್ನು ಮೀರದಂತೆ, ಎದುರಿಗಿದ್ದು ತುಂಬಬೇಕು, ಊದಿಕೊಂಡುದನ್ನು ಬಳಸಲೇಬಾರದು. ೨೦೨೧ರ ಡ್ರೋನ್ ನಿಯಮಗಳಂತೆ ನಮ್ಮ ದೇಶದ ವಾಯುಪ್ರದೇಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ನಕ್ಷೆಯಲ್ಲಿ ಗುರುತಿಸಲಾಗಿದೆ. ಹಾರಿಸುವ ಮೊದಲು ಆ ನಕ್ಷೆಯನ್ನೂ ನಿಯಮಗಳನ್ನೂ ನೋಡಿಕೊಳ್ಳಬೇಕು.

ಹಾರಾಟದ ದಿನ ಬೆಳಗ್ಗೆ ಏಳು ಗಂಟೆಗೆ, ಗಾಳಿಯೇಳುವ ಮೊದಲು, ಊರಾಚೆಯ ಬಯಲನ್ನು ಸೇರಿದೆವು. ಗೆಳೆಯರು ರಾತ್ರಿಯ ಬಸ್ಸಿನಲ್ಲಿ ಬಂದಿದ್ದ ಸಂಗತಿ ನಮಗೆ ತಿಳಿದುದು ಅಲ್ಲಿಯೇ. ಅವರ ಅಂಗಿಯ ಜೇಬಿನಲ್ಲಿ ಲೆಕ್ಕದ ಹಾಳೆ ಮಡಿಸಿದಂತೆಯೇ ಇದ್ದಿತು. ಅಭ್ಯಾಸವಿದ್ದ ತರುಣರೊಬ್ಬರು ವಿಮಾನವನ್ನು ಮೇಲೇರಿಸಿ, ಎರಡು ಸುತ್ತು ಹಾರಿಸಿ, ಎಲಿವೇಟರನ್ನು ತುಸು ತಿದ್ದಿದರು. ಆಮೇಲೆ ಕೋಲುಗಳಿಂದ ಬೆರಳು ತೆಗೆದರು. ವಿಮಾನ ತಾನಾಗಿಯೇ ನೇರವಾಗಿ ಸಾಗಿತು. ಗಾಳಿಗೆ ಮೂಗೆತ್ತಿದಾಗಲೆಲ್ಲ ತಾನೇ ತಗ್ಗಿಸಿಕೊಂಡಿತು.

ಮೇಷ್ಟರು ಪ್ರೇಷಕವನ್ನು ತರುಣರಿಂದ ತೆಗೆದುಕೊಂಡು ಗೆಳೆಯರ ಕಡೆಗೆ ನೀಡಿದರು. ಏನನ್ನೂ ಹೇಳಲಿಲ್ಲ. ಗೆಳೆಯರು ಅದನ್ನು ಹಿಡಿಯುವ ಮೊದಲು ಕೇಳಿದುದು ಒಂದೇ ಮಾತು:

"ಬಾಲವನ್ನು ತೂಗಿದ್ದೀಯಷ್ಟೆ?"

"ಎರಡು ಸಲ" ಎಂದರು ಮೇಷ್ಟರು.

ಆ ಬೆಳಗ್ಗೆ ವಿಮಾನ ಒಂಬತ್ತು ನಿಮಿಷವನ್ನು ದಾಟಿ ಹಾರಿತು.